ಗೋಡೆಯ ಹೊರಗೆ ಸಿಕ್ಕ ಸಿಪಾಯಿಯ ಕಲ್ಲು

ವಾಡಿ

ನಾನು ಶಾಲೆ ಬಿಟ್ಟದ್ದು 1994ರಲ್ಲಿ, ಏಳನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಅಪ್ಪನ ಬೆನ್ನು ಹಿಡಿದುಕೊಂಡಿತು, ಅವನ ಜಾಗದಲ್ಲಿ ಹೋಗಿ ನಿಂತೆ, ಅಷ್ಟೇ. ನಮ್ಮ ಹಾಸುಗಲ್ಲಿಗೆ ನಾವು ಫರ್ಸಿ ಎನ್ನುತ್ತೇವೆ. ಚಿತ್ತಾಪುರದಿಂದ ಸೇಡಂ ತನಕ ಫರ್ಸಿ ಕೆಲಸದಲ್ಲಿ ಭೀಮಶಾ ಎಂದು ಕೇಳಿ ನೋಡಿ. ನಾನು ಹಾಸಿದ ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿದರೆ ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಇದು ಜಂಬ ಎನ್ನುವವರು ಎನ್ನಲಿ.

ಅಮೆರಿಕದಿಂದ ಕರೆ ಬಂದದ್ದೂ ಇದೇ ಕಾರಣಕ್ಕೆ. ಚಿಂಚೋಳಿ ತಾಲೂಕಿನ ಐನಾಪುರದಿಂದ ಹೋಗಿ ಪೆನ್ಸಿಲ್ವೇನಿಯಾ ಎಂಬ ರಾಜ್ಯದಲ್ಲಿ ನೆಲೆಸಿದ ಡಾಕ್ಟರ್ ಸಾಹೇಬರೊಬ್ಬರಿದ್ದಾರೆ. ನಮ್ಮ ಹಾಗೆ ಬೌದ್ಧರು. ಅಲ್ಲಿನ ಹತ್ತು ಹದಿನೈದು ಮನೆಯವರು ಕೂಡಿ ಹಳ್ಳಿಗಾಡಿನಲ್ಲಿ ಸಣ್ಣದೊಂದು ವಿಹಾರ ಕಟ್ಟುತ್ತಿದ್ದರು. ನೆಲ ಮಾತ್ರ ಶಹಾಬಾದ್ ಕಲ್ಲಿನದೇ ಆಗಬೇಕು, ಹುಟ್ಟಿದ ಮನೆಯ ನೆಲದ ಹಾಗೆ ಅಂಗಾಲಿಗೆ ತಣ್ಣಗೆ ಹತ್ತಬೇಕು ಎಂದು ಸಾಹೇಬರ ಹಟ. ಕಲ್ಲು ಹಡಗಿನಲ್ಲಿ ಹೋಯಿತು, ಹಾಸುವವನು ವಿಮಾನದಲ್ಲಿ.

ಖುಷಿಯಿಂದ ಹೊರಟೆ ಎಂದರೆ ಸುಳ್ಳಾಗುತ್ತದೆ. ಅರ್ಧ ಓಡಿಹೋದೆ ಎನ್ನಬೇಕು. ನನ್ನ ಮಗಳು ಸುಜಾತಾಗೆ ಆಗ ಹದಿನೇಳೂವರೆ. ಸೈನ್ಯದ ಪೊಲೀಸ್ ದಳಕ್ಕೆ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆಂದು ತಾನೇ ಹುಡುಕಿ, ಅರ್ಜಿ ಹಾಕಿ, ಬರವಣಿಗೆಯ ಪರೀಕ್ಷೆ ಪಾಸಾಗಿದ್ದಳು. ಉಳಿದದ್ದು ಓಟದ ಪರೀಕ್ಷೆ. ಹದಿನೆಂಟು ತುಂಬದವರು ಅಲ್ಲಿಗೆ ಬರುವಾಗ ತಂದೆಯದೋ ತಾಯಿಯದೋ ಸಹಿ ಇದ್ದ ಒಪ್ಪಿಗೆ ಪತ್ರ ತರಬೇಕು.

“ನಾ ಮಾಡಂಗಿಲ್ಲ,” ಎಂದಳು ನನ್ನ ಹೆಂಡತಿ ಶಾಂತಾ. “ಪ್ರತಿ ಐತವಾರ ವಿಹಾರದಾಗ ಕುಂತು ಜೀವಾ ತೆಗೆಯಂಗಿಲ್ಲ ಅಂತ ಬಾಯಿ ಬಿಟ್ಟು ಹೇಳ್ತೀವಿ. ಮನಿಗಿ ಬಂದು ಬಂದೂಕಿನ ಕಾಗದಕ್ಕ ಸಹಿ ಹಾಕ್ಬೇಕೇನು?”

“ಅವ್ವಾ, ನಮ್ಮ ಓಣ್ಯಾಗ ಕಲ್ಲ ತೂರಾಡಿದಾಗ ಪೊಲೀಸರು ಬಂದ್ರಲ್ಲ, ಎಲ್ಲಾರಕಿಂತ ಮೊದ್ಲ ಚಾ ಕೊಟ್ಟಾಕಿ ನೀನೇ. ಅವರ ಕೈಯಾಗ ಏನಿತ್ತು? ಲಟ್ಟಣಿಗಿ?”

“ನಿನ್ನ ಬಾಯಿ ನೋಡೇ ಭರ್ತಿ ಮಾಡ್ಕೋತಾರ ತಗೋ. ಓಟ ಯಾಕ ಓಡ್ತಿ?”

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಮಗಳ ಮೈಮೇಲೆ ಸಮವಸ್ತ್ರ ನೋಡುವ ಆಸೆ ಇತ್ತು. ಶಾಂತಾಳ ಮಾತಿನಲ್ಲಿ ತಪ್ಪೂ ಕಾಣಲಿಲ್ಲ. ಅವಳ ತವರು ಸೇಡಂ. ಬೌದ್ಧ ದೀಕ್ಷೆ ತೆಗೆದುಕೊಂಡ ಮೊದಲ ಮನೆಗಳಲ್ಲಿ ಅವರದೂ ಒಂದು. ಪಂಚಶೀಲ ಅವಳಿಗೆ ಬಾಯಿಪಾಠವಷ್ಟೇ ಅಲ್ಲ, ಮನೆಯಲ್ಲಿ ಚೇಳು ಬಂದರೂ ಚೊಂಬು ಮುಚ್ಚಿ ಹೊಲಕ್ಕೆ ಬಿಟ್ಟು ಬರುವವಳು.

“ಬಂದ ಮ್ಯಾಲ ನೋಡಾಮು,” ಎಂದು ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಚೀಲಕ್ಕೆ ಹಾಕಿಕೊಂಡೆ. ಕೆಲಸ ಆರು ವಾರದ್ದು. ಮರಳಿದ ಹತ್ತನೆಯ ದಿನ ಓಟ.

ಬೆರಳು ಕೇಳಿದ ಕಿಟಕಿ

ವಾಡಿಯಿಂದ ರೈಲಿನಲ್ಲಿ ಹೈದರಾಬಾದಿಗೆ ಹೋಗಿ ವಿಮಾನ ಹತ್ತಬೇಕು. ಹತ್ತುವ ಮುಂಚೆಯೇ ಜಗಳವಾಯಿತು. ಉಳಿ, ಸುತ್ತಿಗೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು, ಇವನ್ನು ನಾನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಇಟ್ಟುಕೊಂಡು ಮಲಗಿದ ಸಾಮಾನು, ಕಣ್ಣಿಗೆ ಕಾಣದ ಕಡೆ ಹಾಕಲು ಮನಸ್ಸಾಗಲಿಲ್ಲ. ತಪಾಸಣೆಯ ಹುಡುಗಿ ಒಂದೊಂದೇ ತೆಗೆದು ಎತ್ತಿ ಹಿಡಿದಳು. ಗುಂಡನ್ನು ನೋಡಿ ಇಬ್ಬರು ಓಡಿ ಬಂದರು. ಕೊನೆಗೆ ಎಲ್ಲವೂ ದೊಡ್ಡ ಪೆಟ್ಟಿಗೆಗೆ ಹೋದವು, ನಾನು ಹದಿನೆಂಟು ತಾಸು ಬರಿಗೈಯಲ್ಲಿ ಕುಳಿತೆ.

ಫಿಲಡೆಲ್ಫಿಯಾದಲ್ಲಿ ಇಳಿದಾಗ ಕಿಟಕಿಯ ಆ ಕಡೆಯ ಅಧಿಕಾರಿ ಬೆರಳುಗಳನ್ನು ಗಾಜಿನ ಮೇಲೆ ಇಡು ಎಂದು ಸನ್ನೆ ಮಾಡಿದ. ಇಟ್ಟೆ. ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟೆ, ಒಪ್ಪಲಿಲ್ಲ. ಅವನೇ ಎದ್ದು ನನ್ನ ಬೆರಳು ಹಿಡಿದು ಒತ್ತಿದ. ನನ್ನ ಬೆರಳಲ್ಲಿ ಗೆರೆಗಳೇ ಇಲ್ಲ. ಮೂವತ್ತು ವರ್ಷ ಕಲ್ಲು ತಿಕ್ಕಿದ ಬೆರಳು, ಅವೂ ಹಾಸುಗಲ್ಲಿನ ಹಾಗೆ ನಯವಾಗಿವೆ. ಅವನು ನನ್ನ ಅಂಗೈ ತಿರುಗಿಸಿ ನೋಡಿ, “ಸ್ಟೋನ್?” ಎಂದು ಕೇಳಿದ. ಸ್ಟೋನ್ ಎಂದರೆ ಕಲ್ಲು, ಆ ಒಂದು ಶಬ್ದ ನನಗೂ ಗೊತ್ತಿತ್ತು. ತಲೆ ಆಡಿಸಿದೆ. ಅವನ ಅಪ್ಪನೂ ಇಟ್ಟಿಗೆ ಕಟ್ಟುವವನಂತೆ; ಫಾದರ್ ಎಂದು, ಗೋಡೆ ಕಟ್ಟುವ ಹಾಗೆ ಕೈ ಆಡಿಸಿ ತಿಳಿಸಿದ. ಮುದ್ರೆ ಒತ್ತಿ ಬಿಟ್ಟ. ಸರ್ಕಾರಿ ಕಿಟಕಿಯಲ್ಲಿ ಒಬ್ಬ ನನ್ನ ಕೈ ನೋಡಿ ಎದ್ದು ನಿಂತದ್ದು ಅದೇ ಮೊದಲು.

ಗೋಡೆಯ ಈ ಕಡೆ

ವಿಹಾರದ ಜಾಗ ಊರಿನಿಂದ ದೂರ, ಜೋಳದ ಹೊಲಗಳ ನಡುವೆ. ಜೋಳ ಎಂದರೆ ನಮ್ಮ ಬಿಳಿಜೋಳವಲ್ಲ, ಗೋವಿನಜೋಳ. ಅದನ್ನು ಅವರು ದನಕ್ಕೆ ಹಾಕುತ್ತಾರೆ, ಸ್ವಲ್ಪ ತಾವೂ ತಿನ್ನುತ್ತಾರೆ, ರೊಟ್ಟಿ ಮಾತ್ರ ಬಡಿಯುವುದಿಲ್ಲ. ಯಾರ ಮನೆಯ ಮುಂದೂ ಕಟ್ಟೆ ಇಲ್ಲ. ದಾರಿಯಲ್ಲಿ ಎದುರಾದವರೆಲ್ಲ ನಗುತ್ತಾರೆ, ನಿಲ್ಲುವುದಿಲ್ಲ. ಊಟ ಆಯ್ತೇನು ಎಂದು ಯಾರೂ ಕೇಳದೆ ಮೂರು ದಿನ ಕಳೆದಾಗ ನನಗೆ ಉಂಡದ್ದೇ ನೆನಪಾಗದಂತಾಯಿತು.

ನಮ್ಮ ಜಾಗಕ್ಕೆ ಹೊಂದಿಕೊಂಡು ಸೊಂಟದೆತ್ತರದ ಹಳೆಯ ಕಲ್ಲಿನ ಗೋಡೆ. ಗೋಡೆಯ ಆ ಕಡೆ ಹುಲ್ಲು, ಹುಲ್ಲಿನಲ್ಲಿ ಮೊಳದೆತ್ತರವೂ ಇಲ್ಲದ ಗೋರಿ ಕಲ್ಲುಗಳು, ಅದರಾಚೆ ಬಾಗಿಲು ಕಿಟಕಿ ಬಿಟ್ಟರೆ ಏನೂ ಇಲ್ಲದ ಒಂದು ಕಲ್ಲಿನ ಮನೆ. ಶಿಲುಬೆ ಇಲ್ಲ, ಗಂಟೆ ಇಲ್ಲ. ಅದು ಕ್ವೇಕರ್ ಎಂಬ ಪಂಗಡದವರ ಪ್ರಾರ್ಥನೆಯ ಮನೆ ಎಂದು ಡಾಕ್ಟರ್ ಸಾಹೇಬರು ಹೇಳಿದರು. “ಇವರದೂ ನಮ್ಮಂಗೇ ಒಂದ್ ಮಾತ ಅದ ಭೀಮಶಾ. ಬಡಿದಾಡಂಗಿಲ್ಲ, ಯುದ್ಧಕ್ಕ ಹೋಗಂಗಿಲ್ಲ. ಮುನ್ನೂರು ವರ್ಷದ್ದು.”

ಸಾಹೇಬರು ಆಗ ಆಸ್ಪತ್ರೆಗೆ ರಜೆ ಹಾಕಿ ದಿನವೂ ನನ್ನ ಜೊತೆಗಿದ್ದರು. ಯಾರು ಏನೇ ಇಂಗ್ಲಿಷಿನಲ್ಲಿ ಆಡಲಿ, ನನ್ನ ಕಿವಿಗೆ ಅದು ಐನಾಪುರದ ಮಾತಾಗಿಯೇ ಬರುತ್ತಿತ್ತು. ಮುಂದೆ ಈ ಬರಹದಲ್ಲಿ ಬಿಳಿ ಜನ ನಮ್ಮ ಕಡೆಯ ಮಾತಾಡಿದರೆ ಓದುಗರು ಗಾಬರಿಯಾಗಬಾರದು.

ಕೆಲಸ ಶುರುವಾದ ಎರಡನೆಯ ದಿನ ಗೋಡೆಯ ಪಕ್ಕದ ಬಳ್ಳಿ ಕೀಳುವಾಗ ಒಂದು ಬಿಳಿ ಕಲ್ಲು ಸಿಕ್ಕಿತು. ಅಮೃತಶಿಲೆ, ನಾಲ್ಕು ಬೆರಳು ದಪ್ಪ, ಎರಡೂವರೆ ಮೊಳ ಉದ್ದ. ಯಾವುದೇ ಕಲ್ಲಿನ ಎರಡೂ ಮುಖ ನೋಡದೆ ನಾನು ಮುಟ್ಟುವುದಿಲ್ಲ. ಅವತ್ತು ನೋಡಲಿಲ್ಲ. ಮೇಲಿನ ಮುಖ ನಯವಾಗಿತ್ತು, ಕೆಳಗಿನದಕ್ಕೆ ಜೇಡಿ ಮೆತ್ತಿಕೊಂಡಿತ್ತು. ಎಳೆದು ತಂದು ನಲ್ಲಿಯ ಕೆಳಗೆ ಹಾಕಿದೆ. ವಿಹಾರದ ಒಳಗೆ ಕಾಲಿಡುವ ಮುಂಚೆ ಕಾಲು ತೊಳೆಯಲು ಒಂದು ಕಲ್ಲು ಬೇಕಲ್ಲ. ಎಂಟು ದಿನ ಬಂದವರೆಲ್ಲ ಅದರ ಮೇಲೆ ನಿಂತು ಕಾಲು ತೊಳೆದರು. “ಏನ್ ಐಡಿಯಾ ಭೀಮಶಾ!” ಎಂದರು. ನಾನೂ ಹಿಗ್ಗಿದೆ.

ಒಂಬತ್ತನೆಯ ದಿನ ಗೋಡೆಯಾಚೆಯಿಂದ ಒಬ್ಬ ಅಜ್ಜಿ ಬಂದರು. ಹೆಸರು ರೂತ್, ಎಂಬತ್ತನಾಲ್ಕು ವರ್ಷ. ಹುಲ್ಲು ಕತ್ತರಿಸುವ ಯಂತ್ರವನ್ನು ತಾವೇ ಓಡಿಸುವವರು. ಸೇಬು ತುಂಬಿದ ಒಂದು ಬಗೆಯ ಹೋಳಿಗೆ ತಂದಿದ್ದರು. ಕಾಲು ತೊಳೆದು ಬರಬೇಕು ಎಂದು ಸಾಹೇಬರು ಹೇಳಿದಾಗ ಖುಷಿಯಿಂದ ಬೂಟು ಬಿಚ್ಚಿದರು. ಕಲ್ಲಿನ ಮೇಲೆ ಒಂದು ಕಾಲಿಟ್ಟವರು ಹಾಗೇ ನಿಂತರು. ಬಗ್ಗಿ ಕಲ್ಲಿನ ಒಂದು ತುದಿಯನ್ನು ಕೈಯಿಂದ ಸವರಿದರು. ಆ ತುದಿ ಚೌಕವಾಗಿರಲಿಲ್ಲ, ತುಸು ಕಮಾನಾಗಿತ್ತು.

“ಇದನ್ನ ಹೊಳ್ಳಿಸ್ತೀರೇನು?” ಎಂದರು.

ಮಗುಚಿ ಹಾಕಿದೆ. ನೀರು ಹಾಕಿ ಜೇಡಿ ಉಜ್ಜಿದೆ. ಒಂದು ಗುರಾಣಿಯ ಆಕಾರ, ನಾವು ಢಾಲು ಎನ್ನುವಂಥದು, ಅದರೊಳಗೆ ಉಬ್ಬಿ ನಿಂತ ಅಕ್ಷರ. ಇಂಗ್ಲಿಷ್ ನಾನು ಕೂಡಿಸಿ ಕೂಡಿಸಿ ಓದುತ್ತೇನೆ. ಮೇಲೆ ಕಮಾನಿನಂತೆ ಬಾಗಿ ಬಂದದ್ದು ಒಂದು ಹೆಸರು, ಜೋಸೆಫ್. ಕೆಳಗೆ ಸೈನ್ಯದ ಪಲ್ಟನ್ನಿನ ಹೆಸರು.

ಅಜ್ಜಿ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಕುಳಿತುಬಿಟ್ಟರು. ನಾನು ತಲೆ ಎತ್ತಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಸತ್ತವನೊಬ್ಬನ ಹೆಸರನ್ನು ಬೋರಲು ಹಾಕಿ ಊರಿನವರ ಕಾಲು ತೊಳೆಸಿದ್ದೆ.

“ತಪ್ಪಾತ್ರಿ ಅಮ್ಮಾ,” ಎಂದೆ.

“ನೀ ಹುಡುಕಿ ಕೊಟ್ಟಿ ಮಗಾ. ನಮ್ಮ ಮನಿಯವರು ನೂರು ವರ್ಷ ಹುಡುಕ್ಯಾರ,” ಎಂದರು ಅಜ್ಜಿ, ಸಾಹೇಬರ ಬಾಯಿಂದ.

ಗೋಡೆಯ ಆ ಕಡೆ

ಮಾರನೆಯ ದಿನ ಅಜ್ಜಿ ನಮ್ಮನ್ನು ಗೋಡೆಯಾಚೆ ಕರೆದುಕೊಂಡು ಹೋಗಿ ಕಥೆ ಹೇಳಿದರು. ಜೋಸೆಫ್ ಅಜ್ಜಿಯ ಮುತ್ತಜ್ಜನ ತಮ್ಮ. ಮುತ್ತಜ್ಜನ ಹೆಸರು ಸ್ಯಾಮುಯೆಲ್. ಅಮೆರಿಕದವರು ತಮ್ಮತಮ್ಮಲ್ಲೇ ಬಡಿದಾಡಿದ ಕಾಲ ಅದು. ದಕ್ಷಿಣದವರು ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು, ಬಿಡುವುದಿಲ್ಲ ಎಂದರು, ಯುದ್ಧವಾಯಿತು. ಈ ಅಣ್ಣತಮ್ಮಂದಿರ ಅಪ್ಪ, ಓಡಿ ಬಂದ ಗುಲಾಮರನ್ನು ತನ್ನ ಹುಲ್ಲಿನ ಅಟ್ಟದಲ್ಲಿ ಅಡಗಿಸಿ, ಉಣಿಸಿ, ಮುಂದಿನ ಊರಿಗೆ ದಾಟಿಸುತ್ತಿದ್ದವನು. ಚಿಕ್ಕ ಜೋಸೆಫ್ ಆ ಅಟ್ಟಕ್ಕೆ ರೊಟ್ಟಿ ಒಯ್ದು ಕೊಡುತ್ತಿದ್ದ. ದೊಡ್ಡವನಾಗಿ, ಇವರನ್ನು ಒಬ್ಬೊಬ್ಬರನ್ನೇ ಅಡಗಿಸಿಡುವುದು ಎಷ್ಟು ದಿನ ಎಂದು ಕೇಳಿ, ಬಂದೂಕು ಹಿಡಿದು ಹೊರಟ. ಅವನಂತೆ ಈ ಪ್ರಾರ್ಥನೆಯ ಮನೆಯ ಸಭೆಯಿಂದ ಇನ್ನೂ ಐದು ಹುಡುಗರು ಹೋದರು. ಸ್ಯಾಮುಯೆಲ್ ಹೋಗಲಿಲ್ಲ.

ಮೂರು ವರ್ಷದ ಮೇಲೆ ಜೋಸೆಫ್ ಜೀವಂತ ಬಂದ. ಸಭೆಯವರು, ಹೋದದ್ದು ತಪ್ಪಾಯಿತು ಎಂದು ಬರೆದುಕೊಡು ಅಂದರು. ನಾಲ್ವರು ಹುಡುಗರು ಬರೆದುಕೊಟ್ಟರು, ಒಬ್ಬ ಮರಳಿ ಬರಲೇ ಇಲ್ಲ. ಜೋಸೆಫ್ ಬರೆದ ಕಾಗದ ಅಜ್ಜಿಯ ಹತ್ತಿರ ಇನ್ನೂ ಇದೆ. ನಿಮ್ಮ ಮನಸ್ಸು ನೋಯಿಸಿದ್ದಕ್ಕೆ ನನಗೆ ದುಃಖವಿದೆ, ಹೋದದ್ದಕ್ಕೆ ಇಲ್ಲ ಎಂದು ಬರೆದಿದ್ದ. ಸಭೆ ಅವನ ಹೆಸರು ಹೊಡೆದುಹಾಕಿತು. ಅಪ್ಪ ಎದುರಾಡಲಿಲ್ಲ.

“ಅಪ್ಪಾ? ಅಟ್ಟದಾಗ ಅವರನ್ನ ಇಟ್ಟಾವ?” ಎಂದೆ.

“ಅವನೇ,” ಎಂದರು ಅಜ್ಜಿ.

ಅವನು ಸುಳ್ಳ ಎಂದು ಮನಸ್ಸಿನಲ್ಲೇ ಬೈದೆ. ಹೊರಗೆ ಹಾಕುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಜ್ಜ ಬಾವಿಯ ಹತ್ತಿರ ಕೊಡ ಹಿಡಿದು, ಯಾರಾದರೂ ನೀರು ಸುರಿಯಲಿ ಎಂದು ನಿಲ್ಲುತ್ತಿದ್ದವನು. ಈ ಹುಡುಗ ಅಂಥವರಿಗಾಗಿ ಹೋಗಿ ಬಂದವನು, ಅವನನ್ನೇ ಹೊರಗಿಟ್ಟರಲ್ಲ ಎಂದುಕೊಂಡೆ.

“ಮತ್ತ ಎಲ್ಲಿಗಿ ಹೋದ?”

“ಎಲ್ಲಿಗೂ ಇಲ್ಲ. ನಲವತ್ತು ವರ್ಷ ಪ್ರತಿ ಐತವಾರ ಇಲ್ಲೇ ಬಂದು, ಅಣ್ಣನ ಮಗ್ಗಲಿಗೇ ಕುಂತಾನ. ಅದೇ ಬೆಂಚು.”

ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ. ಸಾಹೇಬರೂ ಅಜ್ಜಿಯನ್ನು ಎರಡು ಸಲ ಕೇಳಿದರು. ಪುಸ್ತಕದಲ್ಲಿ ಹೆಸರಿಲ್ಲ, ತೀರ್ಮಾನದ ಮಾತಿನಲ್ಲಿ ಪಾಲಿಲ್ಲ, ಪ್ರಾರ್ಥನೆಗೆ ಮಾತ್ರ ಯಾರೂ ಬೇಡ ಎನ್ನಲಿಲ್ಲ. ಸತ್ತಾಗ ಅಪ್ಪ ಮತ್ತು ಅಣ್ಣನ ಪಕ್ಕದಲ್ಲೇ ಮಣ್ಣು ಮಾಡಿದರು. ಸರ್ಕಾರದಿಂದ ಸಿಪಾಯಿಯ ಕಲ್ಲು ಬಂದಾಗ ಮಾತ್ರ, ಇಂಥ ಕಲ್ಲು ನಮ್ಮಲ್ಲಿ ನಿಲ್ಲಿಸುವುದಿಲ್ಲ ಎಂದರು. ಕಲ್ಲನ್ನು ಗೋಡೆಯ ಹೊರಗೆ ನಿಲ್ಲಿಸಿದರು. ಅದು ಯಾವಾಗಲೋ ಬಿದ್ದು ಬಳ್ಳಿಯೊಳಗೆ ಹೋಯಿತು, ಯಾವ ಕಡೆ ನಿಲ್ಲಿಸಿದ್ದರೆಂಬುದೂ ಮರೆತುಹೋಯಿತು. ಹೆಣ ಒಳಗೆ, ಹೆಸರು ಹೊರಗೆ. ಸ್ಯಾಮುಯೆಲ್‌ನ ಕಲ್ಲಿನ ಪಕ್ಕದ ಬರಿ ಹುಲ್ಲನ್ನು ಅಜ್ಜಿ ತೋರಿಸಿದರು. ನಮ್ಮಲ್ಲಿ ಹೊರಗಿಟ್ಟವನನ್ನು ಮಗ್ಗಲಿಗೆ ಕೂಡಿಸಿಕೊಳ್ಳುವುದಿಲ್ಲ. ಮಗ್ಗಲಿಗೆ ಕೂಡಿಸಿಕೊಂಡರೆ ಅದು ಹೊರಗಿಟ್ಟಂತಲ್ಲ. ಇದು ಯಾವ ಲೆಕ್ಕದ್ದೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಲ್ಲು ಒಳಗೆ ಬರಬೇಕು, ತಾನು ಕಣ್ಣು ಮುಚ್ಚುವುದರೊಳಗೆ ಬರಬೇಕು ಎಂದು ಅಜ್ಜಿಯ ಆಸೆ. ಅದಕ್ಕೆ ಸಭೆ ಒಪ್ಪಬೇಕು.

ಸದ್ದಿಲ್ಲದ ಸಭೆ

ಕಲ್ಲು ನಮ್ಮ ಜಾಗದಲ್ಲಿ ಸಿಕ್ಕಿದ್ದರಿಂದ ಮುಂದಿನ ಭಾನುವಾರ ಸಾಹೇಬರಿಗೂ ನನಗೂ ಕರೆ ಬಂತು. ಒಗೆದ ಅಂಗಿ ಹಾಕಿಕೊಂಡು ಹೋದೆ. ಒಳಗೆ ಮರದ ಬೆಂಚುಗಳು ಒಂದಕ್ಕೊಂದು ಎದುರು ಬದುರು. ಫೋಟೋ ಇಲ್ಲ, ದೀಪ ಇಲ್ಲ, ಪುಸ್ತಕ ಓದುವವರಿಲ್ಲ. ಇಪ್ಪತ್ತು ಇಪ್ಪತ್ತೈದು ಜನ ಬಂದು ಸುಮ್ಮನೆ ಕುಳಿತರು. ಯಾರೋ ಹಿರಿಯರು ಬರುವುದನ್ನು ಕಾಯುತ್ತಿದ್ದಾರೆ ಎಂದು ನಾನೂ ಬಾಗಿಲು ನೋಡುತ್ತ ಕುಳಿತೆ. ಒಂದು ತಾಸು ಯಾರೂ ಬರಲಿಲ್ಲ. ಆಮೇಲೆ ಎಲ್ಲರೂ ಪಕ್ಕದವರ ಕೈ ಕುಲುಕಿದರು. ಪ್ರಾರ್ಥನೆ ಮುಗಿಯಿತು ಎಂದರು ಸಾಹೇಬರು. ಅದು ಶುರುವಾದದ್ದೇ ನನಗೆ ಗೊತ್ತಾಗಿರಲಿಲ್ಲ.

ಆ ನಂತರ ತೀರ್ಮಾನದ ಸಭೆ. ಇವರಲ್ಲಿ ಕೈ ಎತ್ತಿ ಎಣಿಸುವುದಿಲ್ಲ. ಇಪ್ಪತ್ತು ಜನ ಹೂಂ ಅಂದು ಒಬ್ಬ ಒಪ್ಪದಿದ್ದರೆ ಕೆಲಸ ನಿಲ್ಲುತ್ತದೆ. ನಮ್ಮ ಪಂಚಾಯಿತಿಯಲ್ಲಿ ಹೀಗೆ ಮಾಡಿದರೆ ಒಂದು ಗಟಾರವೂ ಮುಗಿಯುವುದಿಲ್ಲ ಎಂದುಕೊಂಡೆ. ಒಬ್ಬ ಹೆಣ್ಣುಮಗಳು ಸಣ್ಣ ಮೇಜಿನ ಹಿಂದೆ ಬರೆಯಲು ಕುಳಿತಳು. ರೂತ್ ಅಜ್ಜಿ ಎದ್ದು ತಮ್ಮ ಮಾತು ಹೇಳಿ ಕುಳಿತರು. ಮತ್ತೆ ಮೌನ. ಆಮೇಲೆ ಎಲೈ ಎಂಬ ಮುದುಕ ಎದ್ದ. ಉದ್ದನೆಯ ಆಳು, ಬಡಗಿಯ ಕೈ.

“ಢಾಲು ಕೆತ್ತಿದ ಕಲ್ಲು ಒಳಗ ಬಂದ್ರ, ಆ ಯುದ್ಧ ನಮ್ಮದೂ ಆಯ್ತು ಅಂತ ನಾಳೆ ಹುಡುಗ್ರು ತಿಳ್ಕೋತಾರ. ಜೋಸೆಫ್ ಮ್ಯಾಲ ನನಗ ಸಿಟ್ಟಿಲ್ಲ. ಕಲ್ಲಿಗಿ ನಾ ಒಪ್ಪಂಗಿಲ್ಲ,” ಎಂದು ಕುಳಿತ.

ಯಾರು ಒಳಗೆ ಯಾರು ಹೊರಗೆ ಎಂದು ಹೇಳುವ ಇಲ್ಲಿಯ ಗೌಡ ಇವನೇ ಎಂದು ನಾನು ಮನಸ್ಸಿನಲ್ಲಿ ಅವನ ಮೇಲೆ ಬೇಡದ ಕಲ್ಲಿನ ಗೆರೆ ಎಳೆದೆ.

ಮತ್ತೆ ಮೌನ. ಉದ್ದನೆಯ ಮೌನ. ಮೂವತ್ತು ವರ್ಷ ಕುಕ್ಕರಗಾಲಲ್ಲಿ ಕುಳಿತು ಕೆಲಸ ಮಾಡಿದ ಮೊಣಕಾಲು ನನ್ನದು, ಬೆಂಚಿನ ಮೇಲೆ ಜೋಲುಬಿಟ್ಟರೆ ಹಿಡಿದುಕೊಳ್ಳುತ್ತದೆ. ಜೋಮು ಹತ್ತಿತು. ತಡೆಯಲಾಗದೆ ಒಂದು ಕ್ಷಣ ಕಾಲು ಝಾಡಿಸೋಣ ಎಂದು ಎದ್ದು ನಿಂತೆ.

ಎಲ್ಲರೂ ನನ್ನ ಕಡೆ ನೋಡಿದರು. ಬರೆಯುವ ಹೆಣ್ಣುಮಗಳು ಪೆನ್ನು ಎತ್ತಿ ತಲೆ ಆಡಿಸಿದಳು.

ಸಾಹೇಬರು ನನ್ನ ಅಂಗಿ ಜಗ್ಗಿದರು. “ಭೀಮಶಾ, ಇಲ್ಲಿ ಎದ್ದು ನಿಂತ್ರ ಮಾತಾಡ್ತೀನಿ ಅಂದಂಗ! ಏನರೆ ಹೇಳು, ಇಲ್ಲಾ ಕುಂದ್ರು.”

ಕುಳಿತುಬಿಡಬಹುದಿತ್ತು. ಇಷ್ಟು ಜನ ಇಷ್ಟು ತಾಳ್ಮೆಯಿಂದ ನನ್ನ ಬಾಯಿ ನೋಡಿದ್ದು ಹಿಂದೆಂದೂ ಇಲ್ಲ, ಕುಳಿತರೆ ಅವಮಾನವಾದೀತು ಎನಿಸಿತು. ಬಾಯಿಗೆ ಏನು ಬಂತೋ ಅದನ್ನು ಆಡಿದೆ. ಸಾಹೇಬರು ಸಾಲು ಸಾಲಾಗಿ ತಿರುಗಿಸಿದರು.

“ನಾ ಕಲ್ಲಿನ ಕೆಲಸದಾವ. ನಿಮ್ಮ ಮಂದಿಯ ಹೆಸರು ಬೋರಲು ಹಾಕಿ ಕಾಲು ತೊಳದೀನಿ, ತಪ್ಪಾಗ್ಯಾದ. ಕಲ್ಲು ಒಳಗ ಬರ್ಬೇಕೋ ಹೊರಗ ಇರ್ಬೇಕೋ ನನಗ ತಿಳಿವಲ್ದು. ನನ್ನ ಚೀಲದಾಗ ಒಂದು ಕಾಗದ ಅದ. ನನ್ನ ಮಗಳು ಸಿಪಾಯಿ ಆಗ್ತೀನಿ ಅಂತಾಳ. ಅವರವ್ವ ಜೀವಾ ತೆಗಿಬ್ಯಾಡ ಅಂತಾಳ. ನಾ ಸಹಿ ಮಾಡ್ಲಾರ್ದೇ, ಹರಿದೂ ಒಗೀಲಾರ್ದೇ, ಏಳು ಸಮುದ್ರ ದಾಟಿ ಇಲ್ಲಿ ಬಂದು ಕುಂತೀನಿ. ಜೋಸೆಫನ ಅಪ್ಪ ಸುಳ್ಳಾವ ಅಂತ ಮೊನ್ನೆ ಮನಸಿನಾಗ ಬೈದೆ. ಇವತ್ತು ನಾನೇ ಅವನ ಜಾಗದಾಗ ಅದೀನಿ. ಇಷ್ಟ ನೋಡ್ರಿ.”

ಕುಳಿತೆ. ಯಾರಾದರೂ ಏನಾದರೂ ಹೇಳುತ್ತಾರೆ, ಕಡೇಪಕ್ಷ ಸಹಿ ಮಾಡು ಇಲ್ಲ ಬಿಡು ಎನ್ನುತ್ತಾರೆ ಎಂದು ಕಾದೆ. ಬಹಳ ಹೊತ್ತಿನ ಮೇಲೆ ಬರೆಯುವವಳು ಬರೆದದ್ದನ್ನು ಓದಿದಳು: ಕಲ್ಲಿನ ವಿಷಯದಲ್ಲಿ ನಾವು ಇವತ್ತು ಒಂದಾಗಿಲ್ಲ, ಮುಂದಿನ ತಿಂಗಳಿಗೆ ಕಾಯುತ್ತೇವೆ. ಎಲ್ಲರೂ ಸರಿ ಎಂದು ಎದ್ದು ಕಾಫಿ ಕುಡಿಯಲು ಹೋದರು. ರೂತ್ ಅಜ್ಜಿಯೇ ಎಲೈಗೆ ಕಾಫಿ ಬಗ್ಗಿಸಿಕೊಟ್ಟರು. ನಾನು ಇಬ್ಬರ ಮುಖವನ್ನೂ ನೋಡಿದೆ. ಜಗಳ ಎಲ್ಲಿದೆ ಎಂದು ಹುಡುಕಿದೆ, ಕಾಣಲಿಲ್ಲ.

ಎಲೈ ತಂದ ಹಾರೆ

ನಾನು ಹೊರಡುವ ವಾರ ಅಜ್ಜಿ ಕೇಳಿದರು, “ಒಳಗ ಬರೋದು ಯಾವಾಗೋ. ಅಲ್ಲೀತನ ಸಿಕ್ಕ ಜಾಗದಾಗೇ ನೆಟ್ಟಗ ನಿಲ್ಲಿಸ್ತೀಯೇನು?” ವಿಹಾರದವರು ಸಂತೋಷದಿಂದ ಒಪ್ಪಿದರು. ಕಾಲು ತೊಳೆಯಲು ಬೇರೆ ಕಲ್ಲು ಹಾಕಿದ್ದೆ. ಬೆಳಿಗ್ಗೆ ಗುಂಡಿ ತೋಡಲು ಹೋದರೆ, ಗೋಡೆಯ ಮೇಲೆ ಹಾರೆ ಇಟ್ಟುಕೊಂಡು ಎಲೈ ಕುಳಿತಿದ್ದ.

“ಹೊರಗ ನಿಲ್ಸಾಕ ನನ್ನ ತಕರಾರಿಲ್ಲ,” ಎಂದ. “ಒಬ್ಬನೇ ಎತ್ತಬ್ಯಾಡ. ಸೊಂಟ ಹೋಗ್ತದ.”

ಗುಂಡಿ ತೋಡಿದೆವು. ಅವನು ಕಲ್ಲು ಹಿಡಿದ, ನಾನು ತೂಕದ ಗುಂಡು ಬಿಟ್ಟು ನೋಡಿ ಜಲ್ಲಿ ಜಡಿದೆ. ಅವನ ಕೈಗೆ ಕೆಲಸ ಗೊತ್ತು. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಹೇಳಬೇಕಾಗಲಿಲ್ಲ. ಮುಗಿದ ಮೇಲೆ ಇಬ್ಬರೂ ಗೋಡೆಗೆ ಒರಗಿ ಕುಳಿತೆವು. ಸಾಹೇಬರು ನಡುವೆ.

“ಸಹಿ ಮಾಡಿದ್ಯಾ?” ಎಂದ ಎಲೈ.

“ಇಲ್ರಿ.”

“ಮಾಡಬ್ಯಾಡ ಅಂತ ನಾ ಅನ್ಬೇಕು. ವಿಯೆಟ್ನಾಂ ಯುದ್ಧಕ್ಕ ಕರೆ ಬಂದಾಗ ನಾ ಹೋಗಲಿಲ್ಲ. ಜೇಲಿಗಿ ಹಾಕಿದ್ರು. ನಮ್ಮಪ್ಪ ಈ ಸಭಾದಾವ ಅಲ್ಲ. ಅವ ಎರಡನೇ ಮಹಾಯುದ್ಧದಾಗ ಇದ್ದು ಬಂದಾವ, ನನ್ನ ನೋಡಿ ಅವಗ ಭಾಳ ನಾಚಿಕಿ. ಆದ್ರ ತಿಂಗಳಿಗೊಮ್ಮೆ ಬಸ್ಸು ಹಿಡದು ಬರ್ತಿದ್ದ. ಜೇಲಿನ ಜಾಳಿಗಿ ಆ ಕಡಿ ಕುಂತು, ತಾಸು ತನಕ ಬೈದು ಹೋಗ್ತಿದ್ದ. ಒಂದ್ ತಿಂಗಳ ತಪ್ಪಿಸ್ಲಿಲ್ಲ.”

“ಕಡೀಗಿ ಒಪ್ಪಿದ್ರೇನು?”

“ಎಲ್ಲಿಂದ! ಸಾಯೋತನ ಬೈದಾನ.” ಎಲೈ ನಕ್ಕ. ಹಾರೆ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ.

ಅವನು ಗೌಡನಂಥವನಲ್ಲ ಎಂದಾಯಿತು. ಮತ್ತೆ ಯಾರಂಥವನು ಎಂದು ವಿಮಾನದಲ್ಲಿ ಕುಳಿತು ಯೋಚಿಸಿದೆ. ಜೋಸೆಫ್ ಸರಿ ಎಂದರೆ ಎಲೈ ತಪ್ಪಾಗಬೇಕು, ಎಲೈ ಸರಿ ಎಂದರೆ ಜೋಸೆಫ್ ತಪ್ಪಾಗಬೇಕು. ನನ್ನ ಕಸುಬಿನಲ್ಲಿ ಎರಡು ಕಲ್ಲು ಕೂಡದಿದ್ದರೆ ಯಾವುದೋ ಒಂದರ ಅಂಚು ಸೊಟ್ಟಗಿದೆ ಎಂದೇ ಅರ್ಥ. ಇಲ್ಲಿ ಎರಡರ ಅಂಚೂ ನೆಟ್ಟಗಿತ್ತು.

ಮತ್ತೆ ವಾಡಿ

ಮನೆಗೆ ಬಂದಾಗ ಸುಜಾತಾ ಚಿತ್ತಾಪುರದ ರಸ್ತೆಯಲ್ಲಿ ಓಡಿ ಓಡಿ ಕಪ್ಪಾಗಿದ್ದಳು. ತಾಯಿಗೂ ಮಗಳಿಗೂ ಮಾತು ನಿಂತು ಎರಡು ವಾರವಾಗಿತ್ತು. “ನಿಮ್ಮವ್ವಗ ಹೇಳ್ರಿ ಅಪ್ಪಾ,” ಎಂದು ಇವಳು, “ನಿಮ್ಮ ಮಗಳಿಗಿ ಹೇಳ್ರಿ,” ಎಂದು ಅವಳು. ಸಿಟ್ಟಿನಲ್ಲಿ ಮಗಳು, ಆಕೆ ತನ್ನ ಅವ್ವ, ನನ್ನ ಅವ್ವ ಅಲ್ಲ ಎಂಬುದನ್ನೇ ಮರೆತಿದ್ದಳು.

ಇಬ್ಬರನ್ನೂ ಕೂಡಿಸಿ ಎಲ್ಲ ಹೇಳಿದೆ. ಅಮೆರಿಕದವರ ಹಾಗೆ ನಾವೂ ಮಾತಿಲ್ಲದೆ ಕುಳಿತು ನೋಡೋಣ, ಮೂವರೂ ಒಂದಾದ ಮೇಲೆಯೇ ಏಳೋಣ ಎಂದೆ. ಕುಳಿತೆವು. ಐದು ನಿಮಿಷಕ್ಕೆ ಶಾಂತಾ ಎದ್ದಳು. “ರೊಟ್ಟಿ ಯಾರ ಬಡೀಬೇಕು? ಆ ಅಮೆರಿಕದ ಮುದುಕಿ ಬರ್ತಾಳೇನು?”

ಒಲೆಯ ಮುಂದೆ ಕುಳಿತವಳು ಹಿಟ್ಟು ತಟ್ಟುತ್ತ ಕೇಳಿದಳು. “ಆ ಹುಡುಗ ಯುದ್ಧದಿಂದ ಮನಿಗಿ ಬಂದ್ನಲ್ಲ, ಅವತ್ತು ಅವರವ್ವ ಏನ್ ಮಾಡಿದ್ಳು?”

ಆರು ವಾರ ಅಪ್ಪನ ಬಗ್ಗೆ ಕೇಳಿದ್ದೆ, ಅಣ್ಣನ ಬಗ್ಗೆ ಕೇಳಿದ್ದೆ, ಸಭೆಯ ಬಗ್ಗೆ ಕೇಳಿದ್ದೆ. ಜೋಸೆಫನಿಗೆ ಒಬ್ಬ ಅವ್ವ ಇದ್ದಳೆಂದೇ ಹೊಳೆದಿರಲಿಲ್ಲ. ಡಾಕ್ಟರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ರೂತ್ ಅಜ್ಜಿಯನ್ನು ಕೇಳಿದರು. ಅಜ್ಜಿ ಮನೆಯ ಹಳೆಯ ಕಾಗದಗಳನ್ನೆಲ್ಲ ಮೂರು ದಿನ ತೆಗೆದು ನೋಡಿದರಂತೆ. ಅಪ್ಪ ಬರೆದದ್ದಿದೆ, ಅಣ್ಣ ಬರೆದದ್ದಿದೆ, ಸಭೆ ಬರೆದದ್ದಿದೆ. ಅವ್ವನ ಬಗ್ಗೆ ಒಂದು ಸಾಲೂ ಇಲ್ಲ.

“ಏನೂ ಬರದಿಲ್ಲಂತ,” ಎಂದೆ ಶಾಂತಾಳಿಗೆ. ಓಟಕ್ಕೆ ಆಗ ನಾಲ್ಕೇ ದಿನ ಉಳಿದಿತ್ತು.

“ಏನ್ ಬರೀತಾರ? ಬಾಗಿಲಾ ತೆಗೆದಿರ್ತಾಳ. ಉಣಾಕ ನೀಡಿರ್ತಾಳ. ಅದನ್ನ ಯಾರ ಬರೀತಾರ?” ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ತೆಗೆದಳು. ಆಮೇಲೆ ನನ್ನನ್ನಲ್ಲ, ನೇರವಾಗಿ ಮಗಳನ್ನೇ ನೋಡಿ ಹೇಳಿದಳು. “ನಾ ಸಹಿ ಮಾಡಂಗಿಲ್ಲ. ನಿಮ್ಮಪ್ಪ ಮಾಡ್ತಾನಂದ್ರ ಮಾಡ್ಲಿ, ಅಡ್ಡ ಬರಂಗಿಲ್ಲ. ನೀ ಹೋಗೋದು ನನಗ ಖರೇನೇ ಸೇರಂಗಿಲ್ಲ, ನೀ ಎಷ್ಟ್ ದೊಡ್ಡಾಕಿ ಆದ್ರೂ ಸೇರಂಗಿಲ್ಲ. ಬೈತೀನಿ. ಬಂದಾಗೆಲ್ಲ ಬೈತೀನಿ.”

“ಬೈ ಅವ್ವಾ,” ಎಂದಳು ಸುಜಾತಾ. ಹತ್ತಿರ ಹತ್ತಿರ ಮೂರು ವಾರದಲ್ಲಿ ತಾಯಿಗೆ ಅವಳು ಆಡಿದ ಮೊದಲ ಮಾತು ಅದು.

ಸಹಿ ಮಾಡಿದೆ. ಮಾಡುವಾಗ ಸರಿ ಮಾಡುತ್ತಿದ್ದೇನೆ ಎನಿಸಲಿಲ್ಲ, ತಪ್ಪು ಮಾಡುತ್ತಿದ್ದೇನೆ ಎಂದೂ ಎನಿಸಲಿಲ್ಲ. ಮಗಳು ಓಟದಲ್ಲಿ ಗೆದ್ದಳು. ಹೋಗುವ ದಿನ ಶಾಂತಾ ಸ್ಟೇಷನ್ನಿಗೆ ಬರಲಿಲ್ಲ. ಕಟ್ಟಿಕೊಟ್ಟ ಬುತ್ತಿ ಮಾತ್ರ ನಾಲ್ಕು ಜನಕ್ಕೆ ಆಗುವಷ್ಟಿತ್ತು. ಅಲ್ಲಿಯ ಕಲ್ಲಿನ ವಿಷಯವನ್ನು ಸಾಹೇಬರು ಪ್ರತಿ ತಿಂಗಳು ಹೇಳುತ್ತಾರೆ. ಸಭೆ ಇನ್ನೂ ಒಂದಾಗಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ವಾಡಿಯಲ್ಲಿ ಎರಡು ಕೋಣೆಯ ಮನೆ ಒಂದು. ಕಲ್ಲು ಕೊಯ್ಯುವ ಯಂತ್ರ ಎರಡು, ಅದರಲ್ಲಿ ಒಂದು ಕೆಟ್ಟಿದೆ. ಜೊತೆಗೆ ಕೆಲಸ ಮಾಡುವವರು ಏಳು ಜನ. ಒಂದೇ ಪರದೇಶದ ಮುದ್ರೆ ಬಿದ್ದ ಪಾಸ್‌ಪೋರ್ಟ್ ಒಂದು. ನೋಯುವ ಮೊಣಕಾಲು ಎರಡು. ಭಾನುವಾರ ವಿಹಾರದಲ್ಲಿ ನನ್ನ ಪಕ್ಕ ಕುಳಿತು, ಜೀವ ತೆಗೆಯುವುದಿಲ್ಲ ಎಂಬ ಮೊದಲ ಶೀಲವನ್ನು ನನಗಿಂತ ಗಟ್ಟಿಯಾಗಿ ಹೇಳುವ ಹೆಂಡತಿ ಒಬ್ಬಳು. ತರಬೇತಿಯಲ್ಲಿರುವ ಮಗಳು ಒಬ್ಬಳು.